ನೂರಾ ಐವತ್ತೆಂಟನೇ ಕರೆ

ಗುದೈಬಿಯಾದ ಈ ಕೋಣೆಗೆ ಮಂಚ ನಾಲ್ಕು, ಜನ ಏಳು.
ಲೆಕ್ಕ ತಪ್ಪಿಲ್ಲ.
ಹಿದ್ದ್‌ನ ನೀರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಾನು ಬರುವಷ್ಟರಲ್ಲಿ
ಬೊಮ್ಮಯ್ಯ ಹರಿಕಂತ್ರ ಮೀನಿನ ಕೋಲ್ಡ್ ಸ್ಟೋರೇಜಿಗೆ ಹೊರಟಿರುತ್ತಾನೆ.
ಹಾಸಿಗೆಯಲ್ಲಿ ಅವನ ಬಿಸಿ ಉಳಿದಿರುತ್ತದೆ.
ದಿಂಬು ಮಗುಚಿ ಮಲಗುತ್ತೇನೆ.

ನನ್ನ ಕಸುಬಿನಲ್ಲೂ ಇದೇ ಪದ್ಧತಿ:
ಪ್ರೊಸೆಸರ್ ಒಂದು, ಎಳೆಗಳು ಸಾಲುಗಟ್ಟಿ.
ಒಂದು ಏಳುವಾಗ ಅದರ ರಿಜಿಸ್ಟರುಗಳನ್ನೆಲ್ಲ
ಕರ್ನಲ್ ಗಂಟು ಕಟ್ಟಿ ಎತ್ತಿಡುತ್ತದೆ,
ಬೊಮ್ಮಯ್ಯ ಲುಂಗಿ, ಬೀಡಿಕಟ್ಟು, ಕಿವಿಗೆ ತುರುಕುವ ಹತ್ತಿ
ಎಲ್ಲ ಬಾಚಿ ಕಪಾಟಿಗೆ ಸೇರಿಸುವ ಹಾಗೆ.

ಕಪಾಟೂ ಏಳು. ಬೂದು ತಗಡು, ಒಂದೇ ಅಚ್ಚು, ಐದೈದು ಅರೆ.
ಮೂರನೇ ಅರೆ ಅಂದರೆ
ಗ್ರೆಗರಿ ಕ್ರಾಸ್ತನಿಗೆ ಟ್ರಂಪೆಟ್ಟಿನ ಬಾಯಿ, ಬರೀ ಬಾಯಿ,
ಉಳಿದದ್ದು ಕಿನ್ನಿಗೋಳಿಯಲ್ಲಿ;
ಕುಂಞಿಮೋನುವಿಗೆ ಮಗಳ ಹಲ್ಲಿನ ಎಕ್ಸ್‌ರೇ;
ಬೊಮ್ಮಯ್ಯನಿಗೆ ಬಲೆ ಹೆಣೆಯುವ ಬಿದಿರಿನ ಸೂಜಿ,
ಅದರ ಹೊಟ್ಟೆಗೆ ಸುತ್ತಿದ ನೀಲಿ ನೈಲಾನು;
ನನಗೆ ಒಂದು ಬೀಗದಕೈ. ಯಾವ ಬೀಗದ್ದೋ, ಮರೆತಿದ್ದೇನೆ.
ಮಾತು ಒಂದೇ. ಕೈಗೆ ಸಿಗುವುದು ಬೇರೆ.

ನೂರಾ ಐವತ್ತೆಂಟನೇ ಕರೆ ಮಾಡುವುದು ಇಷ್ಟೇ:
ಎಫ್‌ಎಸ್ ಎಂಬ ರಿಜಿಸ್ಟರಿನಲ್ಲಿ ಒಂದು ವಿಳಾಸ ಬರೆದು
ಎಳೆಗೆ ಹೇಳುತ್ತದೆ, ಇದು ನಿನ್ನ ಬುಡ,
ಇಲ್ಲಿಂದ ಎಣಿಸಿಕೋ.
ಕೊಟ್ಟ ವಿಳಾಸ ಯಾರದೆಂದು ಕರ್ನಲ್ ವಿಚಾರಿಸುವುದಿಲ್ಲ.
ಕೋಣೆಯೊಳಗಿನದೇ ಅಂತ ನೋಡುತ್ತದೆ, ಬರೆಯುತ್ತದೆ,
ಸೊನ್ನೆ ಮರಳಿಸುತ್ತದೆ.
ನಮ್ಮಲ್ಲಿ ಸೊನ್ನೆ ಅಂದರೆ ಕೆಲಸ ಆಯಿತು.

ಮೂರು ವಾರದಿಂದ ಕಾರ್ಖಾನೆಯ ಹಳೇ ಪ್ರೋಗ್ರಾಮು ಹಟ ಹಿಡಿದಿತ್ತು.
ಪಂಪು ತಪ್ಪಿದರೆ ವಾಲ್ವು ಕ್ಷಮೆ ಕೇಳುತ್ತಿತ್ತು,
ವಾಲ್ವು ಕಚ್ಚಿಕೊಂಡರೆ ಪಂಪು ಮುನಿಸಿಕೊಂಡು ನಿಲ್ಲುತ್ತಿತ್ತು.
ಮಂಗಳವಾರ ನಸುಕಿನಲ್ಲಿ ಕಂಡಿತು:
ಯಾವನೋ ಪುಣ್ಯಾತ್ಮ ಎರಡು ಎಳೆಗೆ ಒಂದೇ ಬುಡ ಕೊಟ್ಟಿದ್ದ.
ಒಂದು ಸಾಲು ತಿದ್ದಿದೆ.
ಕಡಲಿನ ಉಪ್ಪು ಬೇರೆ, ನೀರು ಬೇರೆ ಆಗತೊಡಗಿದವು.
ಸೂಪರ್‌ವೈಸರ್ ಜಾಫರ್ ಖರ್ಜೂರದ ಡಬ್ಬಿ ನನ್ನತ್ತ ತಳ್ಳಿ
ಮತ್ತೆ ಮಾನಿಟರಿಗೆ ತಿರುಗಿದ.

ಅದೇ ಬೆಳಿಗ್ಗೆ, ದಿಂಬಿನಡಿ ಫೋನು.
ನಮ್ಮಿಬ್ಬರದೂ ಮನಾಮದ ಸೂಕಿನ ಒಂದೇ ಅಂಗಡಿಯ ಮಾಲು, ಒಂದೇ ರಿಂಗು.
ಕಣ್ಣು ಬಿಡದೆ ಕಿವಿಗಿಟ್ಟೆ.
"ತಿಂದ್ರಾ?"
ಹೂಂ ಅಂದೆ.
"ದೋಣಿ ಕೇಳ್ತಿದ್ದಾರೆ, ಎಂಜಿನ್ ಸಮೇತ. ಇವತ್ತೇ ಬೇಕಂತೆ. ಕೊಟ್ಟುಬಿಡ್ಲಾ?"
ಹೂಂ.
ಅತ್ತ ಒಂದು ಉಸಿರು, ಬಹಳ ಹೊತ್ತು. ಆಮೇಲೆ ಕಟ್.

ನಮ್ಮ ಗಜೇಂದ್ರಗಡದ ಕಡೆ ಡೋಣಿ ಅಂದರೆ ಕಲ್ಲಿನದು,
ಎಮ್ಮೆ ಬಾಯಿ ಹಾಕುವಂಥದ್ದು.
ನಿದ್ದೆಗಣ್ಣಿನಲ್ಲಿ ನಾನು ಅದನ್ನೇ ಮಾರಲು ಒಪ್ಪಿದೆನೋ ಏನೋ.

ಸಂಜೆ ಬಂದ ಬೊಮ್ಮಯ್ಯ, ಹುಬ್ಬಿನ ತನಕ ಐಸಿನ ವಾಸನೆ.
"ನನ್ನ ಫೋನು ಇಲ್ಲೇ ಉಳೀತು ಮಾರಾಯ. ಯಾರಾದ್ರೂ ಮಾಡಿದ್ರಾ?"
ಹೇಳಿದೆ. ದೋಣಿ, ಎಂಜಿನ್, ಆ ಉಸಿರು,
ನನ್ನ ಎರಡು ಹೂಂ.

ಅವನು ಬೈಯಲಿಲ್ಲ. ಫೋನೂ ಎತ್ತಲಿಲ್ಲ.
ಕಪಾಟು ತೆರೆದು, ನೋಡದೆಯೇ, ಮೂರನೇ ಅರೆಗೆ ಕೈ ಹಾಕಿದ.
ಕೆಳಗೆ ವ್ಯಾನು ಹಾರ್ನ್ ಹೊಡೆಯಿತು, ನನ್ನ ಪಾಳಿಗೆ.
ಚಪ್ಪಲಿ ಮೆಟ್ಟುವಾಗ ಕಂಡೆ:
ಹಾಸಿಗೆಯಂಚಿಗೆ ಕೂತು ಸೂಜಿಯ ಹೊಟ್ಟೆಯಿಂದ
ನೀಲಿ ನೈಲಾನು ಬಿಚ್ಚುತ್ತಿದ್ದ.
ಒಂದೇ ಎಳೆ, ಬಹಳ ಉದ್ದದ್ದು.
ದಿಂಬನ್ನು ಇನ್ನೂ ಮಗುಚಿರಲಿಲ್ಲ.