ಕಾಲಡಿಯ ಮಣಿ

ಬಾಗಿಲ ಹಿಂದ ನಿಂತಿರತಿದ್ಲು ಬನಶ್ರೀ,
ತುದಿಗಾಲ ಮ್ಯಾಲ, ತೊಡಿಗೆ ತೊಡಿ ಹೆಣೆದು,
ಜೋಳದ ಚೀಲದ ಕಿವಿ ಹಿಡಕೊಂಡು,
ಮಾರಿ ಕೆಂಪಗ, ಕಣ್ಣಾಗ ನೀರು.
"ಕೂಸು ಮುಕ್ಕರಸಾಕತ್ತೈತಿ" ಅಂತಿದ್ಲು ಅತ್ತಿ.
ನಾನೂ ಹಂಗ ತಿಳದಿದ್ದೆ.

ಗುಳೇದಗುಡ್ಡದ ನಮ್ಮ ಓಣ್ಯಾಗ
ಒಂದು ಮಗ್ಗದ ಸಪ್ಪಳ ನಿಂತ್ರ ನಾಕು ಮಂದಿ ಹಣಿಕಿ ಹಾಕತಾರ.
ಕೂಸಿನ ಹೊಟ್ಟಿ ನಿಂತು ಎಷ್ಟು ದಿನ ಆತು
ಯಾರು ಎಣಸತಾರ?
ನಾನು ಖಣದ ಎಳಿ ಎಣಸತಿದ್ದೆ.

ಆಮ್ಯಾಲ ಚಡ್ಡ್ಯಾಗ ಕಲೆ.
ದಿನಾ ಎರಡು ಸಲ, ಮೂರು ಸಲ, ತೆಳ್ಳಗ.
ಬಾಜೂ ಮನಿ ನೀಲವ್ವ "ಭೇದಿ" ಅಂದ್ಲು, ಗಂಜಿ ಹಾಕಿದೆ.
ಅಂಗನವಾಡ್ಯಾಗ ಹುಡುಗ್ರು ಮೂಗು ಮುಚ್ಚಿದ್ರು.
"ನಾ ಮಾಡಿಲ್ಲ ಯವ್ವಾ" ಅಂದ್ಲು ನಾಕು ವರ್ಷದಾಕಿ.
ಸುಳ್ಳು ಬ್ಯಾರೆ ಹೇಳತಿ ಅಂತ ಕಪಾಳಕ್ಕ ಒಂದು ಬಿಟ್ಟೆ.
ಆಕಿ ಹೇಳಿದ್ದು ಖರೇನ ಇತ್ತು.

ಬಾಗಲಕೋಟಿ ದವಾಖಾನ್ಯಾಗ ಡಾಕ್ಟರ್ ಬಾಯಾರು
ಮೊದಲ ಅಂಗೈ ತಿಕ್ಕಿ ಬಿಸಿ ಮಾಡಿಕೊಂಡ್ರು.
ಎಡಕ ಕಿಬ್ಬೊಟ್ಟಿ ಮ್ಯಾಲ ಮೆಲ್ಲಕ ಒತ್ತಿ
ನನ್ನ ಬಟ್ಟೂ ಅಲ್ಲೇ ಇಡಿಸಿದ್ರು:
ಎಳೇ ಬದನಿಕಾಯಿ ಬಚ್ಚಿಟ್ಟಂಗ ಒಂದು ಗಡಸು.
"ಭೇದಿ ಅಲ್ಲವ್ವ ಇದು. ಕಟ್ಟಿಕೊಂಡದ್ದರ ಬಾಜೂದಿಂದ ಸೋರತೈತಿ,
ಕೂಸಿಗೆ ಗೊತ್ತೂ ಆಗೂದಿಲ್ಲ.
ಬಾಗಿಲ ಹಿಂದ ಆಕಿ ಮುಕ್ಕರಿಸೂದಿಲ್ಲ, ಹಿಡೀತಾಳ.
ಒಮ್ಮೆ ನೊಂದೈತಿ. ಅದಕ್ಕ ಹಿಡೀತಾಳ.
ಹಿಡಿದಷ್ಟು ಗಟ್ಟಿ. ಗಟ್ಟಿ ಆದಷ್ಟು ನೋವು."

ನೆನಪಾತು. ಜ್ವರ ಬಿಟ್ಟ ಮರುವಾರ
ರಕ್ತದ ಒಂದು ಗೆರಿ, ಆಕಿ ಚೀರಿದ್ದು,
ಮರುದಿನ ಸಬ್ಬಿನ ತುಂಡು ಹಿಡಿದ ಅತ್ತಿ,
ಕಾಲು ಅದುಮಿ ಹಿಡಿದ ನಾನು.
ಎಳಿ ಗಂಟಾದ್ರ ಜಗ್ಗಬಾರದು ಅನ್ನೂದು
ಹತ್ತು ವರ್ಷದಾಕಿ ಇದ್ದಾಗಿಂದ ಗೊತ್ತಿತ್ತು ನನಗ.

ಪುಡಿ ಕೊಟ್ರು, ನೀರಾಗ ಕಲಿಸಿ ಕುಡಿಸಾಕ.
ಮೊದಲ ವಾರ ಬರೇ ತೊಳೀಯೂದ ಆತು,
ಗುಣಿಗೆ ಇಳೀಲಿಲ್ಲ, ಅರ್ಧ ಖಣ ಧೂಳು ತಿಂತು.
ಆಮ್ಯಾಲ ದಿನಾ ಇಷ್ಟಿಷ್ಟ, ತಿಂಗಳುಗಟ್ಟಲೆ.
"ಚಟಾ ಹತ್ತತೈತಿ, ಬಿಡಸ" ಅಂದ್ಲು ನೀಲವ್ವ.
"ಹತ್ತೂದಿಲ್ಲ. ಹಿಗ್ಗಿದ ಕರುಳು
ಹಳೇ ಅಳತಿಗೆ ಬರಾಕ ಹೊತ್ತು ಬೇಕು" ಅಂದಿದ್ರು ಬಾಯಾರು.
ಹಾಲು-ಬಿಸ್ಕಿಟ್ ಕಡಿಮಿ ಆತು,
ಹೆಸರಕಾಳ ಪಲ್ಲೆ, ಪ್ಯಾರಲಹಣ್ಣು,
ಆಕೀದ ಒಂದು ಸಣ್ಣ ತಂಬಿಗಿ ನೀರು.

ಉಂಡ ಮ್ಯಾಲ ಸ್ವಲ್ಪ ಹೊತ್ತು ಕುಂದರಿಸು, ಬೈಬ್ಯಾಡ ಅಂದಿದ್ರು.
ಅತ್ತಿ ಮಣಕಾಲಿಗಂತ ಹಾಕಿಸಿದ ಕಮೋಡಿನ ಮ್ಯಾಲ
ಬನಶ್ರೀ ಕಾಲು ಗಾಳ್ಯಾಗ ಜೋತಾಡತಿದ್ದುವು.
ತುಳಿಯೋ ಹಲಗಿ ಇಲ್ಲದ ಮಗ್ಗ ನೇದೀತ?
ನಾ ಹುಡುಕೂದರಾಗ
ಕಂಡಿಕಿ ಸುತ್ತಾಕ ತಾ ಕುಂದರೋ ಮಣಿ ತಂದು
ಕಾಲಡಿ ಇಟ್ಲು ಅತ್ತಿ. ಏನೂ ಮಾತಾಡಲಿಲ್ಲ.
ಅವತ್ತಿಂದ ನೆಲದ ಮ್ಯಾಲ ಕುಂತ ಸುತ್ತತಾಳ.

ಇಳಕಲ್ಲಿನ ಮದುವ್ಯಾಗ ನಾಕು ದಿನ ಪುಡಿ ಮರತೆ.
ಮತ್ತ ಬಾಗಿಲ ಹಿಂದ, ಮತ್ತ ಚೀಲದ ಕಿವಿ.
ಮತ್ತ ಬಾಗಲಕೋಟಿ ಬಸ್ಸು.
ಬಾಯಾರು ನಕ್ಕು, "ಹಿಂಗ ಆಗತೈತಿ" ಅಂದ್ರು.

ಇವತ್ತ ಮುಂಜಾನೆ ಗುಣ್ಯಾಗ ಕುಂತಿದ್ದೆ.
"ಯವ್ವಾ, ಬಾ ಇಲ್ಲೆ! ಬಾಳಿಹಣ್ಣು ಇದ್ದಂಗ ಬಂತು!"
ಲಾಳಿ ಬಿಟ್ಟು ಓಡಿದೆ.
ಅತ್ತಿ ನನಗಿಂತ ಮೊದಲ ಅಲ್ಲಿದ್ಲು,
ನಡಾ ಬಗ್ಗಿಸಿ, ಚಸ್ಮಾ ಏರಿಸಿ ನೋಡಾಕತ್ತಿದ್ಲು
ಸಾವಕಾರ ಖಣ ನೋಡಿದಂಗ,
ಒಂದು ತಪ್ಪೂ ಸಿಗದಂಗ.