ಎತ್ತರ ಆಗೋದ್ರೊಳಗ

ಜೂನಿನ ಮೊದಲ ಸೋಮವಾರ ಕೆಲಸ ಬಿಟ್ಟು
ಭಾಗವಂತಿನ ಹೆಗಲಿಗೆ ಹೊತ್ತು
ಮೂರು ಸರಕಾರಿ ಸಾಲಿ ನೋಡಿ ಬಂದೆ.
ಮಹಾನಂದಾ ಚೀಟಿ ಬರೆದು ಕೊಟ್ಟಿದ್ದಳು:
ಸಂಡಾಸಿಗೆ ಚಿಲಕ ಅದನ,
ಮಾಸ್ತರು ಎಷ್ಟು ಮಂದಿ,
ವಾರಕ್ಕ ತತ್ತಿ ಎಷ್ಟು ಸಲ,
ದಾರ್ಯಾಗ ಕಲ್ಲಿನ ಲಾರಿ ಓಡಾಡ್ತಾವನ.
ಚೀಟಿ ಕಿಸೇದಾಗ ಇಟ್ಟು
ನಾ ಮೊದಲು ನೆಲಾನೇ ನೋಡಿದೆ.
ಇಪ್ಪತ್ತೆರಡು ವರ್ಷ ಫರಸಿ ಹಾಕಿದ ಕೈ,
ಶಹಾಬಾದದ ಕಲ್ಲಿಗೆ ಸವೆದ ಮೊಣಕಾಲು,
ಬ್ಯಾರೆ ಏನು ತಿಳೀತದ ನನಗ?

ಟೇಶನ್ ಕಡೀ ಸಾಲಿ ಮಸ್ತ್ ಅದ.
ಗ್ವಾಡಿ ತುಂಬ ರೈಲು ಬರದಾರ, ನೀಲಿ ಡಬ್ಬಿ,
ತರಗತಿ ಬಾಗಿಲೇ ಡಬ್ಬಿ ಬಾಗಿಲು.
ಒಳಗ ಬೆಳ್ಳನ ಟೈಲ್ಸು, ಎಲ್ಲಿಂದಲೋ ತರಿಸಿದ್ದು.
"ನಮ್ಮೂರ ಕಲ್ಲು ಯಾಕ ಬ್ಯಾಡಾತ್ರೀ?" ಅಂದೆ.
ಹೆಡ್ ಮಾಸ್ತರು ಕನ್ನಡಕ ಒರಸಿಕೊಂಡರು.
ಆರು ಮಂದಿ ಮಾಸ್ತರು. ಹೊಸಾ ಚಿಲಕ.
ಒಂದನೇತ್ತಕ್ಕೇ ಅರವತ್ತೊಂದು ಹುಡುಗೂರು,
ಅಲ್ಲಿ ನೆಲ ಕಾಣಬೇಕಂದ್ರ
ಯಾರಾದ್ರೂ ಏಳಬೇಕು.
ಭಾಗವಂತಿ ರೈಲಿನ ಗಾಲಿ ಹಿಡಿದು ಅತ್ತಳು,
ಹೊರಗ ಬರಲಿಕ್ಕೆ ಒಲ್ಲೆ ಅಂದಳು.

ತಾಂಡಾದ ಸಾಲಿಗೆ ಹದಿಮೂರೇ ಮಕ್ಕಳು.
ಗೋಬ್ರು ಮಾಸ್ತರು ಒಬ್ಬರೇ; ಹಲಗಿ ಮ್ಯಾಲೆ ಸುಣ್ಣದ ಗೆರಿ ಕೊರೆದು
ಐದು ಇಯತ್ತೆ ಮಾಡ್ಯಾರ.
ನೆಲ ಮಾತ್ರ, ಅಬಬಾ.
ಹಳೇ ಕಲ್ಲು, ಪಾಲಿಶ್ ಕಂಡಿಲ್ಲ,
ಮಕ್ಕಳ ಕುಂಡಿ ತಿಕ್ಕಿ ತಿಕ್ಕಿ ಹೊಳಪು ಬಂದದ.
ಬೆರಳ ಗೆಣ್ಣಿಲೆ ಬಡದೆ, ಗಟ್ಟಿ ಸಪ್ಪಳ,
ಒಂದು ಮೂಲಿಯಿಂದ ಇನ್ನೊಂದು ಮೂಲಿತನಕ.
ಯಾವ ಮೇಸ್ತ್ರಿಯೋ, ಅವನ ಕೈ ತಣ್ಣಗಿರಲಿ.
ಆದರ ದಾರಿ ಕಣಿ ಮಗ್ಗಲಿಗೆ.
ಹಸಿರು ನೀರು ನಿಂತದ, ಬೇಲಿ ಇಲ್ಲ.
ಭಾಗವಂತಿ ಇಣುಕಿದಳು.
ಅಷ್ಟೇ, ಆ ಸಾಲಿ ಮುಗೀತು.

ಮೂರನೇದು ನಮ್ಮ ಓಣೀದು,
ಹೊಸ್ತಿಲದಿಂದ ನೂರಾ ಎಂಬತ್ತು ಹೆಜ್ಜಿ.
ಅಲ್ಲಿ ನಾ ಬಡದು ನೋಡಲಿಲ್ಲ.

ಒಂಬತ್ತು ವರ್ಷದ ಹಿಂದ ಆ ನೆಲ ನಾನೇ ಹಾಕೀನಿ.
ಮೊದಲ ದಿನ ಹಲಗಿ ಕಡಿಂದ ಹಿಡಿದು
ಹಾಸಿಗಿ ಹಾಸಿದಂಗ ಗಚ್ಚು ಹಾಸಿ ಕಲ್ಲು ಕೂಡಿಸಿದೆ.
ಮರುದಿನ ಗುತ್ತೇದಾರ ಬಂದ,
ಗಾಡಿಯಿಂದ ಇಳೀಲೇ ಇಲ್ಲ.
"ಮೂಲಿಗೊಂದು ಮುದ್ದಿ ಇಡೋ ಲಾಡಪ್ಪ,
ನಡುವ ಉಸುಕು ತುಂಬು.
ಸಾಲಿ ಇದು, ಅರಮನಿ ಏನು?
ಯಾರು ಬಡದು ನೋಡ್ತಾರ?"
ಬಾಗಿಲತನಕ ಹಂಗೇ ಹಾಕಿದೆ.
ಪಗಾರಕ್ಕ ಮ್ಯಾಲೆ ಮುನ್ನೂರು ಕೊಟ್ಟ.
ಭಾಗವಂತಿ ಆಗ ಹುಟ್ಟಿರಲಿಲ್ಲ.

ಶಶಿರೇಖಾ ಮೇಡಂ ರಜಿಸ್ಟರ್ ತೆಗೆದರು.
ಬಗ್ಗಿ, ಪೋರಿನ್ನೇ ಹೆಸರು ಕೇಳಿದರು.
ಮೂರು ಮಂದಿ ಮೇಡಮ್ಮೋರು, ಚಿಲಕಕ್ಕ ದಾರ ಕಟ್ಯಾರ,
ತತ್ತಿ ಆದಿನದ ಆದಿನ ಬರ್ತಾವಂತ.
"ಮಾಳಗಿ ಸೋರ್ತದ ಲಾಡಪ್ಪ, ಸುಳ್ಳ್ಯಾಕ ಹೇಳಲಿ.
ನೆಲ ಒಂದು ಛಲೋ ಅದ ನೋಡ್ರಿ."
ನಾ ಮುಖ ಕೆಳಗ ಹಾಕಿದೆ.
ಬಾಗಿಲ ಕಡೀ ಕಲ್ಲೊಂದು ಸೀಳಿತ್ತು,
ಸೀಳಿನ್ಯಾಗ ಒಂದು ಪೆನ್ಸಿಲ್ ತುಂಡು ಸಿಕ್ಕಿತ್ತು.

ಸಹಿ ಮಾಡಿ ಕೇಳಿದೆ,
ಹುಡುಗೂರನ್ನ ಹ್ಯಾಂಗ ಕೂಡಸ್ತೀರಿ ಅಂತ.
ಗಿಡ್ಡವರು ಹಲಗಿ ಮುಂದ,
ಎತ್ತರದವರು ಬಾಗಿಲ ಕಡಿಗೆ ಅಂದರು.

ನಮ್ಮ ಪೋರಿ ಗಿಡ್ಡ ಅದಾಳ, ಪುಣ್ಯ.
ಆದರ ಅವರವ್ವ ಎತ್ತರ,
ಅವರವ್ವನ ಅವ್ವ ಇನ್ನೂ ಎತ್ತರ.
ಸಂಜಿಗೆ ಮಹಾನಂದಾ ಚೀಟಿ ಕೇಳಿದಾಗ
ಅದರ ಹಿಂದ ನಾ ಲೆಕ್ಕ ಬರದಿದ್ದೆ:
ಸಿಮೆಂಟು ಎರಡು ಚೀಲ,
ಒಂದು ಐತವಾರ.