ಅರ್ಧ ಗಂಟೆಯೊಳಗೆ

ಕೊಕ್ಕೆಹುಳದ ಮೊಟ್ಟೆಗೆ ಅರ್ಧ ಗಂಟೆ ಆಯುಷ್ಯ.
ಆಯುಷ್ಯವೆಂದರೆ, ಗಾಜಿನ ಮೇಲೆ, ನನ್ನ ಕಣ್ಣಿಗೆ.
ಆಮೇಲೆ ಗ್ಲಿಸರಿನ್ನು ಅದನ್ನೂ ತಿಳಿಯಾಗಿಸಿಬಿಡುತ್ತದೆ,
ಇದ್ದರೂ ಇಲ್ಲ.
ಅದಕ್ಕೇ ಜೀಪು ಬಂದು ಡಬ್ಬಿ ಇಳಿಸಿದ ಮೇಲೆ
ಚಹಾ ಮುಟ್ಟುವುದಿಲ್ಲ ನಾನು.

ಪೆಂಬಾ ದ್ವೀಪಕ್ಕೆ ಇದು ಲವಂಗದ ಕೊಯ್ಲು.
ದಾರಿಯುದ್ದ ಚಾಪೆ, ಚಾಪೆ ತುಂಬ ಮೊಗ್ಗು,
ಊರಿಗೆ ಊರೇ ಘಮಘಮ,
ನನ್ನ ಕೋಣೆಯೊಂದು ಬಿಟ್ಟು.

ಚಾಟಿಹುಳದ್ದು ಎರಡೂ ತುದಿಗೆ ಬಿರಟೆ ಜಡಿದ ಪುಟ್ಟ ಪೀಪಾಯಿ.
ಚೆಂದ ಎನ್ನಬಾರದು. ಆದರೂ ಚೆಂದ.
ಎಡಗೈಲಿ ಎಣಿಕೆಯ ಗುಂಡಿ, ಟಿಕ್ ಟಿಕ್.
ಜಪ ಆಯಿತೇ ಎಂದು ಕೇಳುತ್ತಾನೆ ಜವಾನ ಮಕಾಮೆ.

ನಲವತ್ತೊಂದು: ಎಪ್ಪತ್ತಮೂರು ಮೊಟ್ಟೆ.
ನಲವತ್ತೆರಡು: ಎಪ್ಪತ್ತು.
ನಲವತ್ತಮೂರು, ನಲವತ್ತನಾಲ್ಕು: ಹೆಚ್ಚುಕಡಿಮೆ ಅಷ್ಟೇ.
ಅದೇ ಬಣ್ಣ, ಅದೇ ಸೀಬೆಬೀಜ.
ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಒಗ್ಗಟ್ಟಿನ ಸಂಸಾರ ಕಂಡಿಲ್ಲ.

ಮನೆಗೇ ಹೋದೆ. ಬಾಗಿಲಲ್ಲಿ ತಾಯಿ ಮ್ವಾತಿಮೆ,
ಲವಂಗ ಬಿಡಿಸಿ ಕಪ್ಪಾದ ಬೆರಳು ಬಾಯಿಗೆ ಅಡ್ಡ ಹಿಡಿದು ನಕ್ಕಳು:
"ಏನು ಮಾಡಲಿ ಅಕ್ಕಾ, ಹೇಳಿದಾಗ ಬರುವಂಥದೇ ಅದು?
ಬೆಳಿಗ್ಗೆ ಬಂದದ್ದು ಫಾಕಿಯೊಬ್ಬನಿಗೆ.
ಉಳಿದವರು ಖಾಲಿ ಡಬ್ಬಿ ಒಯ್ದರೆ ಮೇಷ್ಟ್ರು ಬಿಡುತ್ತಾರೆಯೇ?
ಹಂಚಿಕೊಟ್ಟೆ."

ಅನ್ನ ಬಡಿಸಿದ ದನಿಯಲ್ಲೇ ಹೇಳಿದಳು.
ಬೈಯಲೆಂದು ತೆರೆದ ಬಾಯಿಗೆ ನಗು ಬಂತು.

ಹಿತ್ತಲಲ್ಲಿ ಪಾಯಿಖಾನೆ ಗುಂಡಿ ಹೋದ ಮಳೆಗೆ ಕುಸಿದಿದೆ.
ಗರಿಯ ತಡಿಕೆ ನಿಂತಿದೆ, ಯಾವುದನ್ನೂ ಮರೆಮಾಡದೆ.
ಲವಂಗದ ನೆರಳಿನ ಒದ್ದೆ ಮಣ್ಣಲ್ಲಿ
ಬರಿಗಾಲಿನ ಗುರುತು, ಚಿಕ್ಕವು, ಇನ್ನೂ ಚಿಕ್ಕವು.
ಇಲ್ಲಿ ಅರ್ಧ ಗಂಟೆಯ ಲೆಕ್ಕವಿಲ್ಲ.
ಮೊಟ್ಟೆಯೊಡೆದು ಹೊರಬಿದ್ದ ಮರಿ ವಾರಗಟ್ಟಲೆ ಕಾಯಬಲ್ಲದು
ಕಾಲ್ಬೆರಳ ಸಂದಿನ ತೆಳು ಚರ್ಮಕ್ಕೆ;
ಅಲ್ಲಿಂದ ರಕ್ತ, ರಕ್ತದಿಂದ ಶ್ವಾಸಕೋಶ,
ಒಂದು ಕೆಮ್ಮಿಗೆ ಗಂಟಲು, ಒಂದು ಗುಟುಕಿಗೆ ಕರುಳು.
ಇಷ್ಟು ದೂರ ನಡೆದು ಬಂದ ನೆಂಟನನ್ನು
ಎಬ್ಬಿಸಿ ಕಳಿಸಲು ನನ್ನ ಚೀಲದಲ್ಲಿ
ಒಂದು ಬಿಳಿ ಮಾತ್ರೆ.

ನಾಲ್ವರಿಗೂ ಕೊಟ್ಟೆ, ಲೆಕ್ಕ ನೋಡದೆ.
ಕಿರಿಯವಳ ಕಣ್ಣರೆಪ್ಪೆ ಎಳೆದರೆ ಒಳಗೆ ಅಕ್ಕಿಹಿಟ್ಟಿನ ಬಿಳಿ.
ಅಗಿದು ನುಂಗಿ ಕೇಳಿದಳು:
ಸತ್ತ ಹುಳ ಎಲ್ಲಿಗೆ ಹೋಗುತ್ತದೆ?
ಮಣ್ಣಿಗೆ, ಎಂದೆ.
ಎಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಹೊರಡುವಾಗ ಹೊಸ್ತಿಲಲ್ಲಿ ನನ್ನ ಚಪ್ಪಲಿ ಇಲ್ಲ.
ಹಿತ್ತಲಲ್ಲಿ ಪಟಪಟ ಸದ್ದು, ಅವಳು
ದೋಣಿಯಷ್ಟುದ್ದದ ಎರಡನ್ನು ಎಳೆಯುತ್ತ ತಿರುಗುತ್ತಿದ್ದಾಳೆ.
ಮ್ವಾತಿಮೆ ಕೈಯೆತ್ತಿದಳು. ಬೇಡ, ಇರಲಿ ಎಂದೆ.

ಜೀಪಿನವರೆಗೆ ಮೂವತ್ತೆಂಟು ಹೆಜ್ಜೆ, ಒದ್ದೆ.